ಫಾತೋರ್ಡಾದ ಜಗಲಿಯಲ್ಲಿ ಅಪ್ಪನ ಫಿಯೆಟ್

ಗೋವೆಗೆ ಹೋಗಿ ಬಂದೆವು ಎಂದರೆ ನಮ್ಮ ಧರ್ಮಕೇಂದ್ರದ ಜನ ಕೇಳುವ ಮೊದಲ ಪ್ರಶ್ನೆ, "ಸಂತ ಫ್ರಾನ್ಸಿಸ್ ಝೇವಿಯರರ ದರ್ಶನ ಆಯಿತೇ ಫಾದರ್?" ಎಂದು. ಎರಡನೆಯದು ಸಮುದ್ರದ ವಿಚಾರ. 2024ರ ಮೇ ತಿಂಗಳಲ್ಲಿ ಮೂರು ವಾರ ಗೋವೆಯಲ್ಲಿದ್ದರೂ ನಾವು ಹಳೇ ಗೋವೆಯ ಬಸಿಲಿಕಾಕ್ಕೂ ಹೋಗಲಿಲ್ಲ, ಕೋಲ್ವಾದ ಮರಳನ್ನೂ ತುಳಿಯಲಿಲ್ಲ. ಇದ್ದದ್ದೆಲ್ಲ ಮಡಗಾಂವ್ ನಗರಕ್ಕೆ ಅಂಟಿಕೊಂಡ ಫಾತೋರ್ಡಾದಲ್ಲಿ, ಅಣ್ಣನ ಮನೆಯ ಜಗಲಿಯಲ್ಲಿ, ಅಪ್ಪನ ಹಳೆಯ ಕಾರಿನ ಎಂಜಿನ್ ಮುಂದೆ. ಉಗುರಿನ ಸಂದಿಯ ಕಪ್ಪು ಹೋಗಲು ಜೂನ್ ಅರ್ಧ ಕಳೆಯಿತು.

ಫಾತೋರ್ಡಾ ಎಂದರೆ ಫುಟ್‌ಬಾಲ್ ಪ್ರಿಯರಿಗೆ ಗೊತ್ತು. ಅಲ್ಲಿನ ಜವಾಹರಲಾಲ್ ನೆಹರು ಕ್ರೀಡಾಂಗಣ 1989ರದು. 2023ರ ಮಾರ್ಚ್ 18ರಂದು ನಮ್ಮ ಬೆಂಗಳೂರು ತಂಡ ಐ.ಎಸ್.ಎಲ್. ಫೈನಲ್‌ನಲ್ಲಿ ಮೋಹನ್ ಬಾಗಾನಿಗೆ ಪೆನಾಲ್ಟಿಯಲ್ಲಿ ಸೋತದ್ದು ಇದೇ ಅಂಗಳದಲ್ಲಿ. ಅಣ್ಣನ ಮಗ ಅದನ್ನು ನಮಗೆ ದಿನಕ್ಕೊಮ್ಮೆ ನೆನಪಿಸದೆ ಬಿಡುತ್ತಿರಲಿಲ್ಲ. ಹುಟ್ಟಿ ಬೆಳೆದದ್ದು ಅಲ್ಲೇ, ಹಾಗಾಗಿ ಅವನ ಒಲವು ಗೋವಾ ತಂಡದ ಕಡೆ.

ಬೆಳಿಗ್ಗೆ ಆರಕ್ಕೆ ಸೈಕಲ್ಲಿನ ಹಿಂದೆ ಬುಟ್ಟಿ ಕಟ್ಟಿಕೊಂಡು ಪಾವ್ ಮಾರುವ ಪೊದೆರ್ ಪೊಂ ಪೊಂ ಎಂದು ಹಾರ್ನ್ ಒತ್ತಿಕೊಂಡು ಬರುತ್ತಾನೆ. ಅದೇ ಅಲ್ಲಿನ ಅಲಾರಾಂ. ಚರ್ಚಿನಲ್ಲಿ ಕೊಂಕಣಿ ಬಲಿಪೂಜೆ, ಪ್ರಾರ್ಥನೆ ಪುಸ್ತಕ ರೋಮನ್ ಲಿಪಿಯದು. ಮಡಗಾಂವ್ ಮಾರುಕಟ್ಟೆಗೆ ಹೋದರೆ ಮಾತ್ರ ಕಿವಿಗೆ ಕನ್ನಡ ಬೀಳುತ್ತದೆ. ಹಾವೇರಿ, ಗದಗ, ಕೊಪ್ಪಳದ ಕಡೆಯಿಂದ ಬಂದವರು ಕಟ್ಟಡ ಕಟ್ಟುತ್ತಾರೆ, ತರಕಾರಿ ಮಾರುತ್ತಾರೆ, ಹಮಾಲಿ ಮಾಡುತ್ತಾರೆ. ಗೋವೆಯ ಗೋಡೆಗಳಲ್ಲಿ ಎಷ್ಟೋ ನಮ್ಮವರ ಬೆವರಿನಿಂದ ಎದ್ದಂಥವು. ಪ್ರವಾಸಿಗರ ಕಣ್ಣಿಗೆ ಅದು ಬೀಳುವುದಿಲ್ಲ.

ನಮ್ಮ ತಂದೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. 2016ರಲ್ಲಿ ಅಮ್ಮ ಪ್ರಭುವಿನ ಬಳಿಗೆ ಹೋದ ಮೇಲೆ ಅಪ್ಪನನ್ನು ಅಣ್ಣ ಫಾತೋರ್ಡಾಕ್ಕೆ ಕರೆದುಕೊಂಡು ಹೋದ. ಅಪ್ಪ ಹಾಕಿದ ಷರತ್ತು ಒಂದೇ: "ಕಾರು ಬಂದರೆ ನಾನು ಬರ್ತೀನಿ." ಹಾಗೆ ಸಾಗರ, ಜೋಗ, ಹೊನ್ನಾವರದ ದಾರಿಯಲ್ಲಿ ಘಟ್ಟ ಇಳಿದು, ಕಾರವಾರದಲ್ಲಿ ಕಾಳಿ ನದಿ ದಾಟಿ ಆ ಕಾರು ಗೋವೆ ಸೇರಿತು.

ಕಾರು ಯಾವುದೆಂದರೆ ಪ್ರೀಮಿಯರ್ ಪದ್ಮಿನಿ. ಜನರ ಬಾಯಲ್ಲಿ ಅದು ಕೊನೆಯವರೆಗೂ ಫಿಯೆಟ್. ಇಟಲಿಯ ಫಿಯೆಟ್ 1100ರ ನಕ್ಷೆಯಂತೆ ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಗಾಡಿ. ನಾಲ್ಕು ಸಿಲಿಂಡರ್, 1089 ಸಿ.ಸಿ., ಸ್ಟೀರಿಂಗ್ ಪಕ್ಕದಲ್ಲೇ ಗೇರು. ಒಂದು ಕಾಲದಲ್ಲಿ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಅಪ್ಪ ಕೊಂಡದ್ದು 1989ರಲ್ಲಿ. ಫಾತೋರ್ಡಾದ ಕ್ರೀಡಾಂಗಣಕ್ಕೂ ಅದಕ್ಕೂ ಒಂದೇ ವಯಸ್ಸು. ಮುಂಬಯಿಯ ರಸ್ತೆಯಿಂದ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್ ಕೊನೆಗೆ ಮರೆಯಾದವು. ಅಂದಿನಿಂದ ಬಿಡಿಭಾಗ ಹುಡುಕುವುದೂ ಒಂದು ತಪಸ್ಸೇ ಆಗಿದೆ ಎಂದು ಅಣ್ಣ ಗೊಣಗುತ್ತಿದ್ದ.

ಅಣ್ಣನ ಗೊಣಗಾಟಕ್ಕೆ ಕಾರಣವಿತ್ತು. ಹೊಸ ಕಾರಿನ ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ಗಾಡಿಯನ್ನು ಪರೀಕ್ಷೆಗೆ ಒಡ್ಡಿ ನವೀಕರಿಸಬೇಕು. ಅಪ್ಪನ ಕಾರಿಗೆ ಆ ಗಡುವು 2024ರ ಸೆಪ್ಟೆಂಬರ್. 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಗಿತ್ತು. ಶುಲ್ಕ ಹೋಗಲಿ, ಕಾರು ಸೈಲೆನ್ಸರ್‌ನಿಂದ ನೀಲಿ ಹೊಗೆ ಬಿಡುತ್ತಿತ್ತು. ಹೊಗೆ ಪರೀಕ್ಷೆಯಲ್ಲಿ ಅದು ಪಾಸಾಗುವ ಮಾತೇ ಇರಲಿಲ್ಲ. ಗುಜರಿಯವನು ಬಂದು ಬೆಲೆಯನ್ನೂ ಹೇಳಿ ಹೋಗಿದ್ದ. ಅಣ್ಣ ಫೋನ್ ಮಾಡಿ, "ನೀನು ಬಂದು ಅಪ್ಪನಿಗೆ ಬುದ್ಧಿ ಹೇಳು, ನಿನ್ನ ಮಾತು ಕೇಳ್ತಾರೆ" ಎಂದ. ಅಪ್ಪ ಅದೇ ಸಂಜೆ ಫೋನ್ ಮಾಡಿಸಿ, "ಫಾದರ್, ಸ್ವಲ್ಪ ರಜೆ ತಗೊಂಡು ಬನ್ನಿ, ನಿಮ್ಮ ಅಣ್ಣನಿಗೆ ಬುದ್ಧಿ ಹೇಳಬೇಕು" ಎಂದರು. ಹೀಗೆ ಇಬ್ಬರ ಕರೆಯನ್ನೂ ಹೊತ್ತು, ಮೇ 7ರಂದು ಮತ ಹಾಕಿ, ಧರ್ಮಕೇಂದ್ರವನ್ನು ಸಹಾಯಕ ಗುರುಗಳಿಗೆ ಒಪ್ಪಿಸಿ ಮರುದಿನ ಹೊರಟೆವು.

ಇಲ್ಲೊಂದು ಮಾತು ಹೇಳಬೇಕು. 2008ರಲ್ಲಿ ನಮಗೆ ಗುರುದೀಕ್ಷೆ ಆದ ದಿನದಿಂದ ಅಪ್ಪ ನಮ್ಮನ್ನು ಏಕವಚನದಲ್ಲಿ ಕರೆದಿಲ್ಲ. "ಬನ್ನಿ ಫಾದರ್, ಊಟ ಮಾಡಿ ಫಾದರ್." ಮೊದಮೊದಲು ನಕ್ಕೆವು, ಆಮೇಲೆ ಬೇಡವೆಂದೆವು, ಕೊನೆಗೆ ಸುಮ್ಮನಾದೆವು. ಎಷ್ಟೋ ಗುರುಗಳ ಮನೆಯಲ್ಲಿ ಹೀಗೆಯೇ. ಗೌರವ ಹೆಚ್ಚಾದಷ್ಟೂ ಅಡುಗೆಮನೆಯಿಂದ ಹಜಾರಕ್ಕೆ ದೂಡುತ್ತಾರೆ.

ಅಪ್ಪನಿಗೆ ಆಗ 78. ಕೈ ನಡುಗುತ್ತದೆ. ಜೀವಮಾನವೆಲ್ಲ ಕಾರ್ಖಾನೆಯ ಸದ್ದು ಕೇಳಿ ಕಿವಿ ಮಂದವಾಗಿದೆ. "ಎಂಜಿನ್ ಬಿಚ್ಚೋದು ನಾನೇ, ಮನೆಯಲ್ಲೇ" ಎಂದು ಅವರು ಹಟ ಹಿಡಿದರೆ, ಅಣ್ಣ "ಯಾರ ಕೈಯಲ್ಲಿ?" ಎಂದು ಕೇಳಿಯೇಬಿಟ್ಟ. ಆ ಪ್ರಶ್ನೆ ಬೀಳಬಾರದ ಜಾಗದಲ್ಲಿ ಬಿತ್ತು. ಅಪ್ಪ ತಮ್ಮ ಕೈ ನೋಡಿಕೊಂಡರು. ಅತ್ತಿಗೆ ಎದ್ದು ಚಹಾ ಮಾಡಲು ಹೋದರು.

ಉತ್ತರ ಬಂದದ್ದು 17 ವರ್ಷದ ಅಣ್ಣನ ಮಗನಿಂದ. "ನನ್ನ ಕೈಯಲ್ಲಿ."

ಮೊದಲು ರೋಗ ಪತ್ತೆ. ನಾಲ್ಕು ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಂದೊಂದು ತೂತಿಗೂ ಒತ್ತಡದ ಮಾಪಕ ಹಿಡಿದು ಎಂಜಿನ್ ತಿರುಗಿಸಿದೆವು. ಮೂರು ಸಿಲಿಂಡರುಗಳು ನೂರರ ಮೇಲೆ ತೋರಿಸಿದರೆ ಮೂರನೆಯದು ಎಪ್ಪತ್ತಕ್ಕೇ ನಿಂತಿತು. ಅಪ್ಪ ಆ ತೂತಿನೊಳಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಬಿಡಿಸಿ ಮತ್ತೆ ಅಳೆಯಲು ಹೇಳಿದರು. ಮುಳ್ಳು ಮೇಲೇರಿತು. ಎಣ್ಣೆ ಬಿಟ್ಟಾಗ ಒತ್ತಡ ಏರಿದರೆ ಸವೆದಿರುವುದು ಪಿಸ್ಟನ್ ರಿಂಗು ಅಥವಾ ಸಿಲಿಂಡರಿನ ಗೋಡೆ, ಏಕೆಂದರೆ ಎಣ್ಣೆ ಆ ಸಂದನ್ನು ಸ್ವಲ್ಪ ಹೊತ್ತು ಮುಚ್ಚುತ್ತದೆ. ಏರದಿದ್ದರೆ ಸೋರುತ್ತಿರುವುದು ವಾಲ್ವು. ವೈದ್ಯರು ನಾಡಿ ಹಿಡಿದಷ್ಟೇ ಸರಳ, ಅಷ್ಟೇ ಖಚಿತ. ನೀಲಿ ಹೊಗೆಯ ಮೂಲ ಸಿಕ್ಕಿತು: ಸವೆದ ರಿಂಗನ್ನು ದಾಟಿ ಮೇಲೆ ಬಂದ ಎಣ್ಣೆ ಪೆಟ್ರೋಲಿನ ಜೊತೆ ಉರಿಯುತ್ತಿತ್ತು.

ಎಂಜಿನ್ ಎತ್ತಲು ಚೈನ್ ಬ್ಲಾಕ್ ಬೇಕಾಯಿತು. ಹಿಂದಿನ ಓಣಿಯಲ್ಲಿ ಮನೆ ಕಟ್ಟಿಸುತ್ತಿದ್ದ ಹಾವೇರಿ ಕಡೆಯ ಮೇಸ್ತ್ರಿಯೊಬ್ಬರು ಭಾನುವಾರ ತಾವೇ ಹೊತ್ತು ತಂದರು, ಜೊತೆಗೆ ಮೂರು ಕಬ್ಬಿಣದ ಪೈಪು. ಮುಕ್ಕಾಲು ಕಟ್ಟಿ ಸರಪಳಿ ಎಳೆಯುವಾಗ ನಾವು ಬಗ್ಗಿ ನೋಡಲು ಹೋದೆವು. "ಏ ಫಾದರ್, ಅಡಿ ನಿಂದ್ರಬ್ಯಾಡ್ರೀ!" ಎಂದು ಅವರು ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಕೂಲಿ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಕನ್ನಡದಲ್ಲಿ ಒಂದು ಗಂಟೆ ಮಾತಾಡಿದ್ದೇ ಸಾಕು ಎಂದರು.

ಬಿಚ್ಚುವುದು ಕಷ್ಟವಲ್ಲ, ಬಿಚ್ಚಿದ್ದನ್ನು ಅದರದರ ಜಾಗಕ್ಕೆ ಮರಳಿಸುವುದು ಕಷ್ಟ. ಎಂಟು ವಾಲ್ವು, ಪ್ರತಿಯೊಂದಕ್ಕೂ ಸ್ಪ್ರಿಂಗು, ಬಿಲ್ಲೆ, ಉಗುರಿನಷ್ಟು ಚಿಕ್ಕ ಎರಡು ಬೀಗ. ಒಂದರದು ಇನ್ನೊಂದಕ್ಕೆ ಸೇರಬಾರದು. ಅಪ್ಪ ಸುತ್ತ ಕಣ್ಣಾಡಿಸಿ, ನೇರವಾಗಿ ಅಡುಗೆಮನೆಗೆ ಹೋಗಿ ಇಡ್ಲಿ ತಟ್ಟೆ ಎರಡು ತಂದರು. ನಾಲ್ಕು ಗುಳಿಯ ತಟ್ಟೆ ಎರಡು, ಒಟ್ಟು ಎಂಟು. ಒಂದೊಂದು ಗುಳಿಗೆ ಒಂದು ವಾಲ್ವಿನ ಸಂಸಾರ. ಅತ್ತಿಗೆ ಬಾಗಿಲಲ್ಲಿ ನಿಂತು ನೋಡಿದರು. "ಮಾವ, ಹೊಸ ತಟ್ಟೆ ತಂದುಕೊಟ್ಟ ಮೇಲೇ ಈ ಮನೇಲಿ ಇಡ್ಲಿ" ಎಂದರು. ಮಾತಿಗೆ ತಪ್ಪಲಿಲ್ಲ, ಮೂರು ವಾರ ಇಡ್ಲಿ ಆಗಲಿಲ್ಲ.

ಅಪ್ಪ ಹಳೆಯ ಟ್ರಂಕಿನಿಂದ ಒಂದು ನೋಟುಪುಸ್ತಕ ತೆಗೆದರು. ಕಾರು ಕೊಂಡ ದಿನದಿಂದ ಅದರ ಪ್ರತಿಯೊಂದು ಕಾಯಿಲೆ, ಔಷಧ, ಅಳತೆ ಕನ್ನಡದಲ್ಲಿ ಬರೆದಿಟ್ಟ ಪುಸ್ತಕ. 1997ರಲ್ಲಿ ಭದ್ರಾವತಿಯಲ್ಲಿ ಇದೇ ಎಂಜಿನ್ನನ್ನು ಅಪ್ಪ, ಅಣ್ಣ ಸೇರಿ ಒಮ್ಮೆ ಪೂರ್ತಿ ಬಿಚ್ಚಿ ಕಟ್ಟಿದ್ದರು. ಆಗ ಸಿಲಿಂಡರಿಗೆ ಎಷ್ಟು ಬೋರ್ ಹಾಕಿಸಿದ್ದು, ಕ್ರ್ಯಾಂಕಿಗೆ ಯಾವ ಬೇರಿಂಗ್ ಕೂತದ್ದು, ಹೆಡ್ಡಿನ ಬೋಲ್ಟುಗಳನ್ನು ಯಾವ ಕ್ರಮದಲ್ಲಿ ಬಿಗಿದದ್ದು, ಎಲ್ಲವೂ ಇತ್ತು. ಲೇತಿನವನಿಗೆ ಈ ಲೆಕ್ಕ ಇಲ್ಲದೆ ಮುಂದಿನ ಅಳತೆ ಹೇಳುವಂತಿಲ್ಲ. ಆದರೆ ಅಪ್ಪನ ಕಣ್ಣಿಗೆ ತಮ್ಮದೇ ಚಿಕ್ಕ ಅಕ್ಷರ ಈಗ ಕಾಣುವುದಿಲ್ಲ. ಮೊಮ್ಮಗ ಶಾಲೆಯಲ್ಲಿ ಕಲಿತದ್ದು ಇಂಗ್ಲಿಷ್ ಮತ್ತು ದೇವನಾಗರಿ. ಮನೆಯಲ್ಲಿ ಕನ್ನಡ ಮಾತಾಡುತ್ತಾನೆ, ಓದಲು ಬರುವುದಿಲ್ಲ. ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ನೋಡಿದ, ಪಾಪ.

ಹೀಗೆ ನಮಗೊಂದು ಕೆಲಸ ಸಿಕ್ಕಿತು. ಗುರುಮಠದಲ್ಲಿ ತತ್ವಶಾಸ್ತ್ರ ಓದಿದೆವು, ದೈವಶಾಸ್ತ್ರ ಓದಿದೆವು, ನಟ್ಟು ಯಾವ ಕಡೆ ತಿರುಗಿದರೆ ಸಡಿಲವಾಗುತ್ತದೆಂದು ಯಾರೂ ಹೇಳಿಕೊಡಲಿಲ್ಲ. ಆದರೆ ಗಟ್ಟಿಯಾಗಿ ಓದುವುದನ್ನಂತೂ ಕಲಿಸಿದ್ದಾರೆ. ಸ್ಟೂಲಿನ ಮೇಲೆ ಕುಳಿತು ನಾವು ಓದುವುದು, ಅಪ್ಪ ವಿವರಿಸುವುದು, ಹುಡುಗ ಮಾಡುವುದು. ದಿನಕ್ಕೆ ಆರು ತಾಸು ಹೀಗೆ ನಡೆಯಿತು.

ಒಂದು ಮಧ್ಯಾಹ್ನ ಮೂರನೆಯ ಸಿಲಿಂಡರಿನ ಹಳೆಯ ಕಥೆ ಹುಡುಕುತ್ತ ಪುಟ ತಿರುವಿದಾಗ 1996ರ ಜೂನ್ ತಿಂಗಳ ಒಂದು ಸಾಲು ಬಂತು: "ಚಿಕ್ಕವನನ್ನು ಗುರುಮಠಕ್ಕೆ ಬಿಟ್ಟು ಬಂದೆ. ವಾಪಸ್ ಬರುವಾಗ ಮೂರನೆಯದು ಬಡಿಯುತ್ತಿತ್ತು. ನಿಲ್ಲಿಸಲಿಲ್ಲ." ನಾವು ಓದುವುದನ್ನು ನಿಲ್ಲಿಸಿದೆವು. ಅಪ್ಪ ಕಿವಿಗೆ ಕೈ ಅಡ್ಡ ಹಿಡಿದು, "ಏನಂತೆ?" ಎಂದರು. "ಮೂರನೆಯದು ಬಡಿಯುತ್ತಿತ್ತಂತೆ" ಎಂದೆವು. ಹುಡುಗ ತಲೆ ಎತ್ತಿ, "ಚಿಕ್ಕಪ್ಪ, ಅದಕ್ಕೆ ಮುಂಚೆ ಇನ್ನೇನೋ ಇತ್ತಲ್ಲ, ನೀವು ಬಾಯಲ್ಲೇ ಓದ್ಕೊಂಡ್ರಿ" ಎಂದ. ಮಕ್ಕಳ ಕಣ್ಣು ತಪ್ಪಿಸುವುದು ಕಷ್ಟ. ಪೂರ್ತಿ ಓದಿದೆವು, ಈ ಸಲ ಅಪ್ಪನಿಗೆ ಕೇಳುವಷ್ಟು ಗಟ್ಟಿಯಾಗಿ. ಅವರು ಸ್ವಲ್ಪ ಹೊತ್ತು ಸ್ಪ್ಯಾನರ್ ಒರೆಸಿದರು. "ಆ ದಿನ ನಿಲ್ಲಿಸಿ ನೋಡಿದ್ರೆ ಬೇರಿಂಗ್ ಉಳೀತಿತ್ತು" ಎಂದರು.

ಬ್ಲಾಕ್ ಲೇತ್ ಅಂಗಡಿಗೆ ಹೋಗಿ ಬೋರ್ ಆಗಿ ಬಂತು. ಕ್ರ್ಯಾಂಕ್ ಉಜ್ಜಿಸಿ, ಅದಕ್ಕೆ ತಕ್ಕ ಬೇರಿಂಗ್ ತಂದೆವು. ಈ ಮಧ್ಯೆ ಹುಡುಗ ವಾಲ್ವು ಕೂರಿಸುವ ಕೆಲಸ ಮಾಡಿದ. ವಾಲ್ವಿನ ತಲೆಗೂ ಅದು ಕೂರುವ ಪೀಠಕ್ಕೂ ನಡುವೆ ಮರಳಿನಂಥ ಪೇಸ್ಟ್ ಸವರಿ, ರಬ್ಬರ್ ಬಟ್ಟಲು ಕಚ್ಚಿಸಿದ ಕೋಲನ್ನು ಎರಡು ಅಂಗೈ ನಡುವೆ ಹೊಸೆಯಬೇಕು, ಮಜ್ಜಿಗೆ ಕಡೆಯುವ ಕಡೆಗೋಲಿನ ಹಾಗೆ. ಸುತ್ತಲೂ ಮಾಸಲು ಬೂದಿ ಬಣ್ಣದ ಒಂದೇ ಸಮನಾದ ಉಂಗುರ ಮೂಡುವವರೆಗೆ. ಆಮೇಲೆ ಹೆಡ್ಡನ್ನು ಮಗುಚಿಟ್ಟು ಗುಳಿಯಲ್ಲಿ ಪೆಟ್ರೋಲ್ ಹೊಯ್ದು ನೋಡುವುದು; ಕೆಳಗೆ ಒಸರಿದರೆ ಮತ್ತೆ ಹೊಸೆ. ಆರನೆಯ ವಾಲ್ವು ಮೂರು ಸಲ ಸೋರಿತು. ಯಂತ್ರದ ಮುಂದೆ ಹೆಚ್ಚುಕಡಿಮೆ ಸರಿಹೋಯಿತು ಎಂಬ ಮಾತು ನಡೆಯುವುದಿಲ್ಲ, ಪೆಟ್ರೋಲ್ ಹನಿಯಾಗಿ ನಿಜ ಹೇಳಿಬಿಡುತ್ತದೆ. ಫೋನ್ ಬಿಟ್ಟು ಹತ್ತು ನಿಮಿಷ ಕೂರದ ಹುಡುಗ ಎರಡು ದಿನ ಕೋಲು ಹೊಸೆದ. ಕಚೇರಿಯಿಂದ ಬಂದ ಅಣ್ಣ ಶೂ ಬಿಚ್ಚದೆ ನಿಂತು ನೋಡುತ್ತಿದ್ದ. ಮಾತಾಡಲಿಲ್ಲ.

ಮೇ 18ರ ಶನಿವಾರ ನಾವು ಒಂದು ಪಾಪ ಮಾಡಿದೆವು. ಪಿಸ್ಟನ್ನಿಗೆ ರಿಂಗ್ ತೊಡಿಸುವುದು ನಮಗೆ ಬಂತೆಂಬ ಧೈರ್ಯ. ಅದು ಬೀಡುಕಬ್ಬಿಣದ ಬಳೆ. ಬಾಯಿ ಹಿಗ್ಗಿಸಿ ಮೇಲಿನಿಂದ ಇಳಿಸಬೇಕು, ಬೇಕಾದ್ದಕ್ಕಿಂತ ಒಂದು ಕೂದಲು ಹೆಚ್ಚು ಹಿಗ್ಗಿದರೂ ತಡೆಯದು. 'ಟಕ್' ಎಂದಿತು. ಅಂಗೈಯಲ್ಲಿ ಎರಡು ತುಂಡು. ಅಪ್ಪನಿಗೆ ಆ ಸದ್ದು ಹೇಗೆ ಕೇಳಿಸಿತೋ ತಿಳಿಯದು.

"ಲೇ ಲೇ, ದನ ಕಾಯೋನೇ! ಎಷ್ಟು ಅಗಲಿಸ್ತೀಯೋ, ಕಣ್ಣು ಎಲ್ಲಿಟ್ಟಿದ್ದೆ?"

ಜಗಲಿ ನಿಶ್ಶಬ್ದವಾಯಿತು. ಅತ್ತಿಗೆ ಒಳಗಿಂದ ಓಡಿ ಬಂದರು, ಅಪ್ಪ ಗುರುಗಳಿಗೆ ಬೈದರೆಂದು. ಅಪ್ಪನಿಗೂ ಅರಿವಾಗಿ ಬಾಯಿ ತೆರೆದೇ ನಿಂತರು. ನಾವು ನಗು ತಡೆಯಲಾರದೆ ತಲೆ ತಗ್ಗಿಸಿದೆವು. ಹದಿನಾರು ವರ್ಷದ ಮೇಲೆ ಬೈಗುಳ ತಿಂದ ಸಂತೋಷವನ್ನು ಹೇಗೆ ಹೇಳುವುದು! ಅಂದಿನಿಂದ ಒಂದು ವ್ಯವಸ್ಥೆ ತಾನಾಗಿ ಏರ್ಪಟ್ಟಿತು: ನಟ್ಟು ಬೋಲ್ಟಿನ ಬಳಿ ಏಕವಚನ, ಊಟದ ಮೇಜಿನ ಬಳಿ ಬಹುವಚನ.

ಸಂತೋಷ ಬೇರೆ, ರಿಂಗ್ ಬೇರೆ. ಗೋವೆಯಲ್ಲಿ ಆ ಅಳತೆಯದು ಸಿಗಲಿಲ್ಲ. ಮುಂಬಯಿಯ ಪರಿಚಿತರೊಬ್ಬರು ಹುಡುಕಿ ರಾತ್ರಿ ಬಸ್ಸಿಗೆ ಹಾಕುವ ಹೊತ್ತಿಗೆ ನಾಲ್ಕು ದಿನ ಹೋಯಿತು. ಮರುದಿನ ಪೆಂತಕೋಸ್ತ್ ಹಬ್ಬ. ಮಡಗಾಂವ್ ಪವಿತ್ರಾತ್ಮರ ಚರ್ಚಿನ ಹಬ್ಬ ಈ ಹೊತ್ತಿಗೇ ಬರುತ್ತದೆ. ಅದನ್ನು ಅಲ್ಲಿಯವರು 'ಪುರುಮೆಂತಾಚೆಂ ಫೆಸ್ತ್' ಎನ್ನುತ್ತಾರೆ. ಪುರುಮೆಂತ್ ಎಂದರೆ ಮಳೆಗಾಲಕ್ಕೆ ಕೂಡಿಡುವ ದಿನಸಿ, ಪೋರ್ಚುಗೀಸರ ಮಾತಿನಿಂದ ಬಂದದ್ದು. ಒಣಮೀನು, ಒಣಮೆಣಸು, ಉಪ್ಪು, ಈರುಳ್ಳಿಯ ಜಾತ್ರೆ. ಅತ್ತಿಗೆಯ ಜೊತೆ ಚೀಲ ಹೊತ್ತು ತಿರುಗಿದೆವು. ಜೂನ್ ಮೊದಲ ವಾರ ಮಳೆ ಹಿಡಿದರೆ ತೆರೆದ ಜಗಲಿಯಲ್ಲಿ ಬಿಚ್ಚಿಟ್ಟ ಎಂಜಿನ್ನಿನ ಗತಿ ಏನು? ಸಮುದ್ರದ ಗಾಳಿಗೆ ಒಂದೇ ರಾತ್ರಿಯಲ್ಲಿ ಹೊಸದಾಗಿ ಉಜ್ಜಿದ ಕಬ್ಬಿಣಕ್ಕೆ ತುಕ್ಕು ಹಾಯುತ್ತದೆ. ಅಪ್ಪ ದಿನಕ್ಕೆರಡು ಸಲ ಸಿಲಿಂಡರುಗಳಿಗೆ ಎಣ್ಣೆ ಸವರಿ, ಅತ್ತಿಗೆಯ ಹಳೆಯ ಸೀರೆ ಹೊದಿಸುತ್ತಿದ್ದರು.

ರಿಂಗ್ ಬಂದ ದಿನ ಅಣ್ಣ ಅರ್ಧ ದಿನ ರಜೆ ಹಾಕಿ ಬಂದ. ಏನೂ ಹೇಳದೆ ಲುಂಗಿ ಉಟ್ಟು ಕುಳಿತು ನಾಲ್ಕು ಪಿಸ್ಟನ್ನಿಗೂ ತಾನೇ ರಿಂಗ್ ತೊಡಿಸಿದ. ಮೂರು ರಿಂಗಿನ ಬಾಯಿ ಒಂದೇ ಸಾಲಿನಲ್ಲಿ ಬಾರದಂತೆ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದ. 1997ರಲ್ಲಿ ಕಲಿತದ್ದು ಅವನ ಬೆರಳಿನಿಂದ ಹೋಗಿರಲಿಲ್ಲ. ಹೆಡ್ ಕೂರಿಸಿ ಬೋಲ್ಟುಗಳನ್ನು ನಡುವಿನಿಂದ ಅಂಚಿಗೆ, ಒಂದೇ ಸಲಕ್ಕಲ್ಲ, ಸುತ್ತು ಸುತ್ತಾಗಿ ಬಿಗಿದ. ನಾವು ಪುಸ್ತಕ ನೋಡಿ ಕ್ರಮ ಕೂಗಿದೆವು. "ನನಗೆ ಗೊತ್ತು" ಎಂದ. ಆದರೂ ಕೂಗಿದೆವು.

ಮೇ 27ರ ಸಂಜೆ ಕೀಲಿ ತಿರುಗಿಸಿದರೆ ಎಂಜಿನ್ ಕಾರ್ಬ್ಯುರೇಟರಿನ ಬಾಯಿಂದ 'ಧಡ್' ಎಂದು ಕೆಮ್ಮಿತು, ಹತ್ತಲಿಲ್ಲ. ಹತ್ತು ಸಲ ತಿರುಗಿಸಿದರೂ ಅಷ್ಟೇ. ಹುಡುಗನ ಮುಖ ಸಣ್ಣದಾಯಿತು. ಅಪ್ಪ ಒಂದನೆಯ ಪ್ಲಗ್ ಬಿಚ್ಚಿಸಿ, ನಮ್ಮ ಹೆಬ್ಬೆರಳನ್ನು ಆ ತೂತಿನ ಮೇಲೆ ಇಡಿಸಿ, ಎಂಜಿನ್ನನ್ನು ಕೈಯಿಂದ ಮೆಲ್ಲಗೆ ತಿರುಗಿಸಲು ಹೇಳಿದರು. ಗಾಳಿ ಬೆರಳನ್ನು ತಳ್ಳಿತು. ಆ ಕ್ಷಣದಲ್ಲಿ ಡಿಸ್ಟ್ರಿಬ್ಯೂಟರಿನ ಕೈ ಒಂದನೆಯ ಸಿಲಿಂಡರನ್ನು ತೋರಿಸಬೇಕಿತ್ತು, ತೋರಿಸುತ್ತಿದ್ದದ್ದು ನಾಲ್ಕನೆಯದನ್ನು. ಎಂಜಿನ್ ಎರಡು ಸುತ್ತು ಸುತ್ತಿದರೆ ಡಿಸ್ಟ್ರಿಬ್ಯೂಟರ್ ಒಂದೇ ಸುತ್ತು. ಹಾಗಾಗಿ ಪಿಸ್ಟನ್ ಮೇಲಿದೆ ಎಂದಷ್ಟೇ ನೋಡಿ ಕೂರಿಸಿದರೆ ಅರ್ಧ ಸುತ್ತು ತಪ್ಪುವ ಸಂಭವವಿದೆ. ಕೂರಿಸಿದ್ದು ಯಾರು ಎಂದು ಅಪ್ಪ ಕೇಳಲಿಲ್ಲ. ತೆಗೆದು, ತಿರುಗಿಸಿ, ಒಂದು ಮೂರು ನಾಲ್ಕು ಎರಡು ಎಂಬ ಕ್ರಮದಲ್ಲಿ ವಯರ್ ಕೂರಿಸಿ ಕೀಲಿ ತಿರುಗಿಸಿದರೆ, ಒಂದೇ ಏಟಿಗೆ ಹತ್ತಿತು. ಅತ್ತಿಗೆ ಶಿಲುಬೆಯ ಗುರುತು ಹಾಕಿಕೊಂಡರು.

ಶ್ರುತಿ ಮಾಡುವ ಕೆಲಸ ಉಳಿದಿತ್ತು. ಒಂದು ಕಾಲದಲ್ಲಿ ಅಪ್ಪ ಬೀದಿಯ ಆಚೆ ನಿಂತು ಎಂಜಿನ್ ಸದ್ದು ಕೇಳಿ ದೋಷ ಹೇಳುತ್ತಿದ್ದರು. ಈಗ ಕಿವಿ ಇಲ್ಲ. ಅವರು ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡು ಅದರ ತುದಿಯನ್ನು ಎಂಜಿನ್ ಮೇಲಿಟ್ಟು, ಹಿಡಿಕೆಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ ಕಣ್ಣು ಮುಚ್ಚಿದರು. ಸದ್ದು ಗಾಳಿಯಿಂದ ಬಾರದಿದ್ದರೆ ಎಲುಬಿನಿಂದ ಬರುತ್ತದೆ. ಕೈ ನಡುಗುತ್ತಿತ್ತು, ಹುಡುಗ ಅಜ್ಜನ ಮಣಿಕಟ್ಟು ಹಿಡಿದುಕೊಂಡ. ಅಪ್ಪ ಇನ್ನೊಂದು ಕೈಯಿಂದ ಸನ್ನೆ ಮಾಡಿದಂತೆ ಅಣ್ಣ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ಅತ್ತ ಇತ್ತ ತಿರುಗಿಸಿದ, ನಾವು ಕಾರ್ಬ್ಯುರೇಟರಿನ ತಿರುಪನ್ನು ಎಂಜಿನ್ ಮುಗ್ಗರಿಸುವವರೆಗೆ ಒಳಕ್ಕೆ, ಮತ್ತೆ ನೆಟ್ಟಗಾಗುವವರೆಗೆ ಹೊರಕ್ಕೆ. ಅಪ್ಪನ ಕೈ ಕೆಳಗಿಳಿಯಿತು. ಸಾಕು ಎಂದರ್ಥ. ಸೈಲೆನ್ಸರ್ ಹಿಂದೆ ಬಿಳಿ ಬಟ್ಟೆ ಹಿಡಿದು ನೋಡಿದೆವು, ಎಣ್ಣೆಯ ಕಲೆ ಇರಲಿಲ್ಲ.

ಹೊಸದಾಗಿ ಕಟ್ಟಿದ ಎಂಜಿನ್ನನ್ನು ಮೊದಲ ಸಾವಿರ ಕಿಲೋಮೀಟರ್ ದುಡಿಸಬಾರದು, ನಿಧಾನವಾಗಿ ಓಡಿಸಿ ರಿಂಗಿಗೂ ಗೋಡೆಗೂ ಪರಿಚಯ ಆಗಗೊಡಬೇಕು. ಮೇ 30ರಂದು, ನಮ್ಮ ರಜೆಯ ಕೊನೆಯ ದಿನ, ಬೆಣಾವ್ಲಿಗೆ ಹೊರಟೆವು. ಮಡಗಾಂವ್ ದಾಟಿದರೆ ಸಮುದ್ರದ ಕಡೆ ಹತ್ತಿರದ ಊರು. ಸಂತ ಜೋಸೆಫ್ ವಾಝ್ 1651ರಲ್ಲಿ ಹುಟ್ಟಿದ ಊರು. ಶ್ರೀಲಂಕೆಗೆ ಹೋಗುವ ಮೊದಲು 1681ರಿಂದ 1684ರವರೆಗೆ ನಮ್ಮ ಕೆನರಾ ಸೀಮೆಯಲ್ಲಿ ಊರೂರು ಅಲೆದು ಚದುರಿದ ಕ್ರೈಸ್ತರನ್ನು ಒಟ್ಟುಗೂಡಿಸಿದವರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸರು ಅವರನ್ನು ಸಂತರೆಂದು ಸಾರಿದರು. ಅಣ್ಣ ಓಡಿಸಿದ. ಅಪ್ಪ ಪಕ್ಕದಲ್ಲಿ ಕುಳಿತು ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಊರಿಕೊಂಡಿದ್ದರು, ಜ್ವರದ ಮಗುವಿನ ಹಣೆ ಮುಟ್ಟಿದಂತೆ. ಮುಳ್ಳು ನಲವತ್ತು ದಾಟಿದರೆ ಅಣ್ಣನ ತೊಡೆಗೆ ಒಂದು ಏಟು.

ಸಂತರು ದೀಕ್ಷಾಸ್ನಾನ ಪಡೆದ ಚರ್ಚಿನಲ್ಲಿ ಪ್ರಾರ್ಥಿಸಿ ಹೊರಬಂದಾಗ ಕಾರಿನ ಕೆಳಗೆ ನೆಲದ ಮೇಲೆ ಒಂದು ಕಪ್ಪು ಹನಿ. ಹುಡುಗ ಅಲ್ಲೇ ಬೋರಲು ಮಲಗಿ ನೋಡಿ, "ಸಂಪಿನ ಗ್ಯಾಸ್ಕೆಟ್, ಅಜ್ಜ" ಎಂದ.

"ಸಂಪು ಮತ್ತೆ ಬಿಚ್ಚಬೇಕು" ಎಂದರು ಅಪ್ಪ. ಅವರ ಮುಖದಲ್ಲಿ ಬೇಸರದ ಸುಳಿವಿರಲಿಲ್ಲ. ನೋಟುಪುಸ್ತಕವನ್ನು ನಮ್ಮ ಕೈಗಿತ್ತು, "ಬರಿ" ಎಂದರು. ತಾರೀಕು, ಓಡಿದ ಕಿಲೋಮೀಟರ್, ಎಲ್ಲಿ ಸೋರಿತು ಎಂದು ಬರೆದೆವು. ಹುಡುಗ ಪೆನ್ ಕಸಿದುಕೊಂಡು ನಮ್ಮ ಸಾಲಿನ ಕೆಳಗೆ ಅದನ್ನೇ ದೇವನಾಗರಿಯಲ್ಲಿ ಬರೆದುಕೊಂಡ. ಮರುದಿನ ನಮ್ಮ ಬಸ್ಸು ಹೊರಡುವ ಹೊತ್ತಿಗೆ ಅವರಿಬ್ಬರೂ ಕಾರಿನ ಕೆಳಗಿದ್ದರು. ಹೊರಗೆ ಕಾಣುತ್ತಿದ್ದದ್ದು ನಾಲ್ಕು ಕಾಲು ಮಾತ್ರ.